ದುಡ್ಡು ಶುಕ್ರವಾರ ಕೊಟ್ಟಿದ್ದು, ಪಾಲಿಸಿ ಸೋಮವಾರ ಶುರುವಾಗಿದ್ದು: ನಡುವಿನ ಅಪಘಾತ ಯಾರ ತಲೆಗೆ?

ಪ್ರಶ್ನೆ: ನಾನು ಶಿರಸಿಯವನು. 2023ರ ಜುಲೈಯಲ್ಲಿ 1,197 ಸಿಸಿಯ ಹೊಸ ಪೆಟ್ರೋಲ್ ಕಾರು ಕೊಂಡೆ. ಮೊದಲ ವರ್ಷದ ಇನ್ಶೂರೆನ್ಸ್ ಶೋರೂಮಿನವರೇ ಮಾಡಿಕೊಟ್ಟಿದ್ದರು. 2024ರಲ್ಲಿ ಊರಿನ ಏಜೆಂಟರೊಬ್ಬರ ಮೂಲಕ ಬೇರೆ ಕಂಪನಿಗೆ ಬದಲಾಯಿಸಿದೆ. ಆ ಪಾಲಿಸಿ 2025ರ ಜುಲೈ 11, ಶುಕ್ರವಾರ ಮಧ್ಯರಾತ್ರಿಗೆ ಮುಗಿಯುವುದಿತ್ತು. ಅವತ್ತೇ ಸಂಜೆ 6.52ಕ್ಕೆ 9,640 ರೂಪಾಯಿಯನ್ನು ಏಜೆಂಟರ ಮೊಬೈಲ್ ನಂಬರಿಗೆ ಯುಪಿಐ ಮಾಡಿದೆ. ಹಿಂದಿನ ವರ್ಷವೂ ಹೀಗೇ ಕಳಿಸಿದ್ದೆ. 'ಆಯ್ತು, ಮಾಡ್ತೆ' ಎಂಬ ಅವರ ವಾಟ್ಸಾಪ್ ಉತ್ತರ ಇದೆ. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಭಾನುವಾರ ಸಂಜೆ ನಾಲ್ಕೂವರೆಗೆ ಕುಮಟಾಕ್ಕೆ ಇಳಿಯುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಕಾರು ಜಾರಿ, ಎದುರಿನಿಂದ ಬಂದ ಬೈಕಿಗೆ ಬಡಿದು ಧರೆಗೆ ಗುದ್ದಿತು. ಬೈಕಿನವರ ಕಾಲು ಮುರಿದಿದೆ, ಪೊಲೀಸ್ ಕೇಸ್ ಆಗಿದೆ. ಪಾಲಿಸಿ ಬಂದದ್ದು ಸೋಮವಾರ. ಅದರಲ್ಲಿ ಶುರುವಿನ ಸಮಯ 14-07-2025, ಬೆಳಿಗ್ಗೆ 11.20 ಎಂದಿದೆ. 'ಅಪಘಾತದ ಹೊತ್ತಿಗೆ ಪಾಲಿಸಿ ಚಾಲ್ತಿಯಲ್ಲಿರಲಿಲ್ಲ' ಎಂದು ಕಂಪನಿ ಪತ್ರ ಕೊಟ್ಟಿದೆ. ಗ್ಯಾರೇಜಿನ ಅಂದಾಜು 1,86,000 ರೂಪಾಯಿ. ಬೈಕಿನವರ ಪರಿಹಾರವೂ ನನ್ನ ಮೇಲೇ ಬೀಳುವುದೇ? ಪಾಲಿಸಿ ಮುಗಿದ ಮೇಲೆ 90 ದಿನ ಅವಕಾಶ ಇದೆಯಲ್ಲ? 'ಅಪಘಾತ ಸೋಮವಾರ ಮಧ್ಯಾಹ್ನ ಆಯ್ತು ಅಂತ ಬರೆದುಬಿಡಿ' ಎಂದು ಪರಿಚಯದವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು 2023ರಲ್ಲಿ ಶೋರೂಮಿನವರು ಕೊಟ್ಟ ಪಾಲಿಸಿಯನ್ನು ಹುಡುಕಿ ತೆಗೆಯಿರಿ. ಮುಗಿದುಹೋದ ಕಾಗದವೆಂದು ಅದನ್ನು ನೀವು ಬದಿಗಿಟ್ಟ ಹಾಗಿದೆ. ಅದು ಮುಗಿದಿಲ್ಲ.

2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸುವುದು ಕಡ್ಡಾಯ. ಬೈಕಿಗೆ ಐದು ವರ್ಷ. ಶೋರೂಮಿನಲ್ಲಿ ಬಾಯಿಮಾತಿಗೆ 'ಒಂದು ವರ್ಷದ ಫುಲ್ ಇನ್ಶೂರೆನ್ಸ್' ಎನ್ನುತ್ತಾರೆ. ಕಾಗದದಲ್ಲಿ ಎರಡು ಅವಧಿಗಳು ಬೇರೆ ಬೇರೆ ಸಾಲಿನಲ್ಲಿ ಅಚ್ಚಾಗಿರುತ್ತವೆ. ನಿಮ್ಮ ಕಾರಿಗೆ ಆಗುವ ಹಾನಿಯನ್ನು ನೋಡಿಕೊಳ್ಳುವ ಓನ್ ಡ್ಯಾಮೇಜ್, ಅಂದರೆ ಓಡಿ, ಒಂದು ವರ್ಷಕ್ಕೆ. ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯನ್ನು ನೋಡಿಕೊಳ್ಳುವ ಥರ್ಡ್ ಪಾರ್ಟಿ, ಅಂದರೆ ಟಿಪಿ, ಮೂರು ವರ್ಷಕ್ಕೆ. ಹಾಗಾಗಿ 2024ರಲ್ಲಿ ನೀವು ಬೇರೆ ಕಂಪನಿಗೆ ಒಯ್ದದ್ದು ಓಡಿ ಮಾತ್ರ. ಟಿಪಿ ಮೊದಲ ಕಂಪನಿಯಲ್ಲೇ ಉಳಿದಿದೆ, 2026ರ ಜುಲೈವರೆಗೆ ನಡೆಯುತ್ತದೆ. 9,640 ರೂಪಾಯಿಯ ಲೆಕ್ಕದಲ್ಲೂ ಇದು ಕಾಣುತ್ತದೆ: 1,000ದಿಂದ 1,500 ಸಿಸಿಯ ಖಾಸಗಿ ಕಾರಿನ ವರ್ಷದ ಟಿಪಿ ದರ ತೆರಿಗೆ ಬಿಟ್ಟು 3,416 ರೂಪಾಯಿ; ನಿಮ್ಮ ರಸೀದಿಯಲ್ಲಿ ಆ ಸಾಲೇ ಇರುವುದಿಲ್ಲ. ಬದಲಿಗೆ ಹಳೆಯ ಕಂಪನಿಯ ಟಿಪಿ ಪಾಲಿಸಿಯ ಸಂಖ್ಯೆಯನ್ನು ಓಡಿ ಪಾಲಿಸಿಯ ಮೇಲೆ ನಮೂದಿಸಿರುತ್ತಾರೆ.

ಅಂದರೆ ಬೈಕ್ ಸವಾರರ ಪರಿಹಾರದ ವಿಷಯದಲ್ಲಿ ನೀವು ಇಷ್ಟು ದಿನ ತಪ್ಪು ಕಂಪನಿಯ ಬಾಗಿಲು ತಟ್ಟಿದ್ದೀರಿ. ಮೊದಲ ಕಂಪನಿಗೆ ಇವತ್ತೇ ಬರೆಯಿರಿ. ಎಫ್‌ಐಆರ್ ಪ್ರತಿ, ಆರ್‌ಸಿ, ಅಪಘಾತದ ಹೊತ್ತಿಗೆ ಗಾಡಿ ಓಡಿಸುತ್ತಿದ್ದವರ ಡಿಎಲ್, 2023ರ ಪಾಲಿಸಿ, ಇಷ್ಟನ್ನೂ ಲಗತ್ತಿಸಿ. ಇಮೇಲ್ ಸಾಕು, ಆದರೆ ರಿಜಿಸ್ಟರ್ಡ್ ಪೋಸ್ಟಿನಲ್ಲೂ ಒಂದು ಹಾಕಿ. ತಡವಾದದ್ದಕ್ಕೆ ಕಾರಣ ಕೇಳಿದರೆ ನಿಜವನ್ನೇ ಹೇಳಿ: ಟಿಪಿ ಬೇರೆ ಕಂಪನಿಯಲ್ಲಿದೆ ಎಂಬುದು ಗೊತ್ತಿರಲಿಲ್ಲ ಎಂದು.

ಇನ್ನೊಂದು ಕೆಲಸ ಪೊಲೀಸ್ ಠಾಣೆಯಲ್ಲಿದೆ. 2022ರ ಏಪ್ರಿಲ್‌ನಿಂದ ಬಂದ ನಿಯಮದಂತೆ ತನಿಖಾಧಿಕಾರಿ 48 ಗಂಟೆಯಲ್ಲಿ ಮೊದಲ ಅಪಘಾತ ವರದಿಯನ್ನೂ, 90 ದಿನದೊಳಗೆ ವಿವರವಾದ ವರದಿಯನ್ನೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಅದಕ್ಕಾಗಿ ಮಾಲೀಕರಿಂದ ನಮೂನೆ 4 ತುಂಬಿಸಿಕೊಳ್ಳುತ್ತಾರೆ. ಅಲ್ಲಿ ನೀವು ಸೋಮವಾರದ ಓಡಿ ಪಾಲಿಸಿಯ ಸಂಖ್ಯೆ ಬರೆದಿದ್ದರೆ, ನ್ಯಾಯಮಂಡಳಿ ಆ ಕಂಪನಿಯನ್ನೇ ಎದುರುದಾರನನ್ನಾಗಿ ಕರೆಯುತ್ತದೆ. 'ನಮ್ಮಲ್ಲಿ ಟಿಪಿಯೇ ಇಲ್ಲ' ಎಂದು ಅವರು ಸರಿಯಾಗಿಯೇ ಹೇಳುತ್ತಾರೆ. ಕೇಸ್ ಹಿಂದೆ ಬೀಳುತ್ತದೆ, ಕಾಲು ಮುರಿದ ಮನುಷ್ಯ ಕಾಯುತ್ತಾನೆ. ತಿದ್ದುಪಡಿಗೆ ತನಿಖಾಧಿಕಾರಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ. ಮುಂದೆ ನ್ಯಾಯಮಂಡಳಿಯ ನೋಟಿಸ್ ಬಂದರೆ ಬೀರುವಿಗೆ ಹಾಕಬೇಡಿ, ಅದೇ ದಿನ ಮೊದಲ ಕಂಪನಿಗೆ ಪ್ರತಿ ಕಳಿಸಿ. ಸಾವು ಮತ್ತು ಗಾಯದ ಪರಿಹಾರಕ್ಕೆ ಟಿಪಿಯಲ್ಲಿ ಮೇಲ್ಮಿತಿ ಇಲ್ಲ. ಬೈಕಿನ ಹಾನಿಯಂಥ ಆಸ್ತಿ ನಷ್ಟಕ್ಕೆ 7.5 ಲಕ್ಷದ ಮಿತಿ ಇದೆ, ನಿಮ್ಮ ಪ್ರಕರಣಕ್ಕೆ ಅದು ಧಾರಾಳ. ಡಿಎಲ್ ಸರಿಯಿದ್ದರೆ ಈ ಭಾಗದಲ್ಲಿ ನಿಮ್ಮ ನಿದ್ದೆ ಕೆಡಬೇಕಾದ್ದಿಲ್ಲ.

ಇನ್ನು ನಿಮ್ಮ ಕಾರಿನ 1,86,000. ಜಗಳ ಇರುವುದು ಇಲ್ಲೇ.

90 ದಿನದ ಮಾತನ್ನು ಮೊದಲು ಮುಗಿಸೋಣ. ಅದು ಅವಕಾಶದ ಅವಧಿ ಅಲ್ಲವೇ ಅಲ್ಲ. ಆರೋಗ್ಯ ವಿಮೆಗೂ ಜೀವ ವಿಮೆಗೂ ಕಂತು ತಡವಾದರೆ ಕೆಲವು ದಿನಗಳ ರಿಯಾಯಿತಿ ಇದೆ. ವಾಹನ ವಿಮೆಗೆ ಒಂದು ನಿಮಿಷವೂ ಇಲ್ಲ. 11ನೇ ತಾರೀಕಿನ ರಾತ್ರಿ 12 ಹೊಡೆದರೆ ಓಡಿ ಮುಗಿಯಿತು. 90 ದಿನ ಎನ್ನುವುದು ಎನ್‌ಸಿಬಿಗೆ, ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿಗೆ, ಸಂಬಂಧಿಸಿದ್ದು. ಎರಡು ವರ್ಷ ಕ್ಲೇಮ್ ಇಲ್ಲದ ನಿಮಗೆ ಅದು 25 ಶೇಕಡಾ. ಮುಗಿದ 90 ದಿನದೊಳಗೆ ನವೀಕರಿಸಿದರೆ ಆ 25 ಉಳಿಯುತ್ತದೆ, ದಾಟಿದರೆ ಸೊನ್ನೆಯಿಂದ ಶುರು. ರಿಯಾಯಿತಿ ಬದುಕಿರುತ್ತದೆ, ರಕ್ಷಣೆ ಸತ್ತಿರುತ್ತದೆ. ಈ ಎರಡನ್ನೂ ಒಂದೇ ಎಂದು ತಿಳಿಸಿಕೊಡುವವರು ಅನೇಕ ಸಲ ಏಜೆಂಟರೇ.

ಈಗ ಕಾನೂನು. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಸಾರ ಇಷ್ಟೇ: ಪ್ರೀಮಿಯಂ ಕೈಗೆ ಬರುವ ಮುಂಚೆ ವಿಮಾ ಕಂಪನಿ ಯಾವ ಹೊಣೆಯನ್ನೂ ಹೊರುವಂತಿಲ್ಲ. ಕಂಪನಿ ನಿಮಗೆ ಕೊಟ್ಟ ಪತ್ರ ನಿಂತಿರುವುದು ಇದರ ಮೇಲೆ. ಸೋಮವಾರ 11.20ಕ್ಕೆ ದುಡ್ಡು ಬಂತು, 11.20ಕ್ಕೆ ಹೊಣೆ ಶುರು. ಗಂಟೆ ನಿಮಿಷದ ವಿಷಯದಲ್ಲಿ ಸುಪ್ರೀಂ ಕೋರ್ಟಿನ ನಿಲುವೂ ಕಂಪನಿಯ ಕಡೆಗೇ ಇದೆ. 1990ರ ರಾಮದಯಾಳ್ ಪ್ರಕರಣದಲ್ಲಿ, ಪಾಲಿಸಿ ಕೊಂಡ ದಿನ ಪೂರ್ತಿ ರಕ್ಷಣೆ ಇರುತ್ತದೆ, ಹಿಂದಿನ ಮಧ್ಯರಾತ್ರಿಯಿಂದಲೇ ಲೆಕ್ಕ ಎಂದು ಹೇಳಿತ್ತು. ಆಮೇಲಿನ ಜೀಕೂಭಾಯಿ ಪ್ರಕರಣದಲ್ಲಿ, ಪಾಲಿಸಿಯಲ್ಲಿ ಸಮಯವನ್ನೇ ಬರೆದಿದ್ದರೆ ಆ ಸಮಯದಿಂದ ಮಾತ್ರ ಎಂದು ಬಿಡಿಸಿ ಹೇಳಿತು. ಸುನೀತಾ ರಾಠಿ ಪ್ರಕರಣದಲ್ಲಿ ಅಪಘಾತ ಮಧ್ಯಾಹ್ನ 2.20ಕ್ಕೆ, ಪಾಲಿಸಿ 2.55ಕ್ಕೆ, ಮೂವತ್ತೈದು ನಿಮಿಷದ ಅಂತರಕ್ಕೆ ಕಂಪನಿ ಹೊಣೆಯಿಂದ ಪಾರಾಯಿತು. ಆ ಅನುಭವದಿಂದಲೇ ಈಗ ಪ್ರತಿ ಪಾಲಿಸಿಯ ಮೇಲೂ ಗಂಟೆ ನಿಮಿಷ ಅಚ್ಚಾಗಿರುವುದು. ಆದ್ದರಿಂದ 'ಸಮಯ ತಪ್ಪು' ಎಂದು ವಾದಿಸಿ ಗೆಲ್ಲಲಾಗದು.

ನೀವು ಹಿಡಿಯಬೇಕಾದ ಎಳೆ ಬೇರೆ: ಕಂಪನಿಗೆ ದುಡ್ಡು ಬಂದದ್ದು ಯಾವಾಗ? ಅದೇ 64ವಿಬಿಯ ನಾಲ್ಕನೇ ಉಪಕಲಮು ಏಜೆಂಟರ ಬಗ್ಗೆ ಇದೆ. ಏಜೆಂಟರು ಕಂಪನಿಯ ಪರವಾಗಿ ಪ್ರೀಮಿಯಂ ಸಂಗ್ರಹಿಸಿದರೆ, ಕಮಿಷನ್ ಹಿಡಿದುಕೊಳ್ಳದೆ ಪೂರ್ತಿ ಮೊತ್ತವನ್ನು 24 ಗಂಟೆಯೊಳಗೆ ಕಂಪನಿಗೆ ಕಟ್ಟಬೇಕು. ಬ್ಯಾಂಕ್ ಮತ್ತು ಅಂಚೆಯ ರಜೆಗಳು ಆ 24 ಗಂಟೆಯಲ್ಲಿ ಸೇರುವುದಿಲ್ಲ. ನಿಮ್ಮ ಲೆಕ್ಕಕ್ಕೆ ಇದು ಎಷ್ಟು ಸರಿಯಾಗಿ ಕೂರುತ್ತದೆ ನೋಡಿ: ಶುಕ್ರವಾರ ಸಂಜೆ ಸಂಗ್ರಹ, ಎರಡನೇ ಶನಿವಾರ ರಜೆ, ಭಾನುವಾರ ರಜೆ, ಸೋಮವಾರ ಬೆಳಿಗ್ಗೆ ಜಮೆ. ಏಜೆಂಟರು ಕಾನೂನು ಕೊಟ್ಟ ಹೊತ್ತಿನೊಳಗೇ ಕಟ್ಟಿದ್ದಾರೆ. ಕಾನೂನೇ 'ಕಂಪನಿಯ ಪರವಾಗಿ ಸಂಗ್ರಹ' ಎಂದು ಕರೆದ ಹಣ, ಶುಕ್ರವಾರ 6.52ಕ್ಕೆ ಕಂಪನಿಯ ಪ್ರತಿನಿಧಿಯ ಕೈ ಸೇರಿದೆ, ಆಗ ಹಳೆಯ ಪಾಲಿಸಿಗೆ ಇನ್ನೂ ಐದು ಗಂಟೆ ಆಯುಷ್ಯವಿತ್ತು. ನಿಮ್ಮ ವಾದದ ಬೆನ್ನೆಲುಬು ಇದು.

ಇದು ನಿಲ್ಲುವುದೋ ಬೀಳುವುದೋ ಎಂಬುದು ಆ ಏಜೆಂಟರು ಯಾರು ಎನ್ನುವುದರ ಮೇಲಿದೆ. ನಾವು ಎಲ್ಲರನ್ನೂ ಏಜೆಂಟ್ ಎನ್ನುತ್ತೇವೆ, ಕಾನೂನಿಗೆ ಹಾಗಲ್ಲ. ಕಂಪನಿಯೇ ನೇಮಿಸಿದ ಏಜೆಂಟ್ ಕಂಪನಿಯ ಪ್ರತಿನಿಧಿ. ಬ್ರೋಕರ್ ಕಾನೂನಿನ ಕಣ್ಣಿಗೆ ನಿಮ್ಮ ಪ್ರತಿನಿಧಿ. ಅವರ ಕೈಗೆ ಕೊಟ್ಟ ದುಡ್ಡು ಇನ್ನೂ ನಿಮ್ಮ ಕೈಯಲ್ಲೇ ಇದ್ದ ಹಾಗೆ. ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು, ಒಂದೇ ಆ್ಯಪ್‌ನಲ್ಲಿ ಹತ್ತು ಕಂಪನಿಯ ಪಾಲಿಸಿ ಮಾಡಿಕೊಡುವವರು ಸಾಮಾನ್ಯವಾಗಿ ಯಾವುದೋ ಬ್ರೋಕರ್ ಸಂಸ್ಥೆಯ ಕೆಳಗಿನ ಪಿಒಎಸ್ (ಪಾಯಿಂಟ್ ಆಫ್ ಸೇಲ್), ಅಂದರೆ ಆ ಸಂಸ್ಥೆಯ ಪರವಾಗಿ ಪಾಲಿಸಿ ಮಾರುವ, ವ್ಯಕ್ತಿಗಳು. ನಿಮ್ಮ ಪಾಲಿಸಿಯ ಮೊದಲ ಪುಟದಲ್ಲೇ ಮಧ್ಯವರ್ತಿಯ ಹೆಸರು, ಕೋಡ್, ಫೋನ್ ನಂಬರ್ ಇರುತ್ತದೆ. ಅಲ್ಲಿ ನಿಮ್ಮ ಏಜೆಂಟರ ಹೆಸರೇ ಇದ್ದರೆ ನಿಮ್ಮ ಕೇಸಿಗೆ ಒಳ್ಳೆಯ ಜೀವ ಇದೆ. ಬ್ರೋಕರ್ ಸಂಸ್ಥೆಯ ಹೆಸರಿದ್ದರೆ ಕಂಪನಿಯ ವಿರುದ್ಧದ ವಾದ ತೆಳುವಾಗುತ್ತದೆ; ಆಗ ಬ್ರೋಕರನ್ನೂ ಎದುರುದಾರನನ್ನಾಗಿ ಮಾಡಿ, ಪ್ರೀಮಿಯಂ ಕಟ್ಟುವಲ್ಲಿ ಸೇವಾ ಲೋಪ ಎಂದು ಗ್ರಾಹಕರ ಆಯೋಗದಲ್ಲಿ ಕೇಳುವ ದಾರಿ ಉಳಿಯುತ್ತದೆ.

ಕಂಪನಿ ಎರಡು ಮಾತು ಖಂಡಿತ ಎತ್ತುತ್ತದೆ. ಒಂದು, 'ಏಜೆಂಟರ ಸ್ವಂತ ಖಾತೆಗೆ ಹಣ ಹಾಕಬೇಡಿ ಎಂದು ನಾವೇ ಎಚ್ಚರಿಸಿದ್ದೇವೆ'. ಇದಕ್ಕೆ ನಿಮ್ಮ ಬಳಿ ಇರುವ ಅತ್ಯುತ್ತಮ ಉತ್ತರ 2024ರ ವ್ಯವಹಾರ. ಅದೇ ನಂಬರಿಗೆ, ಅದೇ ರೀತಿಯಲ್ಲಿ ಹಣ ಹೋಗಿ ಅದೇ ಕಂಪನಿಯ ಪಾಲಿಸಿ ಬಂದಿದೆ. ಎರಡೂ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆ ಇರುವ ಸಾಲಿಗೆ ಗುರುತು ಹಾಕಿಡಿ. ಎರಡು, 'ಆನ್‌ಲೈನಿನಲ್ಲಿ ಭಾನುವಾರವೂ ಕಟ್ಟಬಹುದಿತ್ತಲ್ಲ'. ಕಟ್ಟಬಹುದಿತ್ತು, ಹೌದು. ಆದರೆ ಕಟ್ಟಬೇಕಾಗಿದ್ದವರು ಏಜೆಂಟರು, ಅವರಿಗೆ ಕಾನೂನು ಸೋಮವಾರದವರೆಗೆ ಸಮಯ ಕೊಟ್ಟಿದೆ.

ಇನ್ನೊಂದು ಸೂಕ್ಷ್ಮ ಇದೆ. ಮುಗಿದ ಪಾಲಿಸಿಯನ್ನು ನವೀಕರಿಸುವಾಗ, ಬ್ರೇಕ್-ಇನ್ ಎನ್ನುತ್ತಾರೆ, ಕಂಪನಿಗಳು ಗಾಡಿಯನ್ನು ನೋಡದೆ ಓಡಿ ಕೊಡುವುದಿಲ್ಲ. ಎಂಜಿನ್ ನಂಬರ್, ಚಾಸಿ ನಂಬರ್, ನಾಲ್ಕೂ ಬದಿಯ ವಿಡಿಯೊ ತೆಗೆಸಿ ಒಪ್ಪಿಗೆಯಾದ ಮೇಲೆಯೇ ಪಾಲಿಸಿ. ಸೋಮವಾರ ನಿಮ್ಮ ಕಾರು ಮುಂಭಾಗ ಜಜ್ಜಿ ನಿಂತಿತ್ತು. ಯಾರೂ ನೋಡಲಿಲ್ಲ, ಆದರೂ ಪಾಲಿಸಿ ಬಂತು. ಇದರಿಂದ ಎರಡರಲ್ಲೊಂದು ಹೊರಡುತ್ತದೆ. ಹಣ ಅವಧಿಯೊಳಗೇ ಬಂದಿದೆ ಎಂದು ಕಂಪನಿಯೇ ಇದನ್ನು ಸಾಮಾನ್ಯ ನವೀಕರಣವಾಗಿ ಪರಿಗಣಿಸಿರಬೇಕು. ಹಾಗಿದ್ದರೆ ಅದು ನಿಮ್ಮ ಪರ. ಇಲ್ಲವೇ ಏಜೆಂಟರು ಎಲ್ಲ ಸರಿಯಿದೆ ಎಂದು ಘೋಷಿಸಿರಬೇಕು. ಹಾಗಿದ್ದರೆ ಹಾನಿಯನ್ನು ಮುಚ್ಚಿಟ್ಟ ಆರೋಪ ನಿಮ್ಮ ಮೇಲೆ ಬಂದು, ಸೋಮವಾರದ ಪಾಲಿಸಿಯೇ ರದ್ದಾಗಬಹುದು. ಆದ್ದರಿಂದ ಸೋಮವಾರ ಸಲ್ಲಿಸಿದ ಪ್ರಪೋಸಲ್ ಫಾರ್ಮಿನ ಪ್ರತಿ, ಪ್ರೀಮಿಯಂ ರಸೀದಿಯ ಸಮಯ, ತಪಾಸಣೆ ಬಿಟ್ಟದ್ದೇಕೆ ಎಂಬ ವಿವರ, ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ.

ಅಪಘಾತದ ತಾರೀಕು ಬದಲಿಸುವ ಸಲಹೆ ಕೊಟ್ಟವರನ್ನು ದೂರ ಇಡಿ. ಎಫ್‌ಐಆರ್‌ನಲ್ಲಿ ಭಾನುವಾರ, ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯಗಳ) ಪುಸ್ತಕದಲ್ಲಿ ಭಾನುವಾರ, ಆಂಬುಲೆನ್ಸ್ ಕರೆಯ ದಾಖಲೆಯಲ್ಲಿ ಭಾನುವಾರ, ಗ್ಯಾರೇಜಿಗೆ ಎಳೆದು ತಂದ ಗಾಡಿಯ ರಸೀದಿಯಲ್ಲೂ ಭಾನುವಾರವೇ ಇದ್ದೀತು. ಪಾಲಿಸಿ ಶುರುವಾಗಿ ಒಂದೆರಡು ದಿನದಲ್ಲಿ ಬಂದ ಕ್ಲೇಮ್ ಎಂದರೆ ಕಂಪನಿ ತನಿಖೆಗಾರರನ್ನು ಕಳಿಸಿಯೇ ಕಳಿಸುತ್ತದೆ. ಸುಳ್ಳು ಹಿಡಿದರೆ ಹಣವೂ ಇಲ್ಲ, ಮೇಲಿಂದ ವಂಚನೆಯ ಕೇಸು. ಈಗ ನಿಮ್ಮ ಕೈಯಲ್ಲಿರುವುದು ವಾದಿಸಬಹುದಾದ ನಿಜ, ಅದನ್ನು ಕೆಡಿಸಿಕೊಳ್ಳಬೇಡಿ.

ಹೋರಾಟಕ್ಕೆ ಇಳಿಯುವ ಮುನ್ನ ಗೆದ್ದರೆ ಎಷ್ಟು ಸಿಗುತ್ತದೆ ಎಂದು ತಿಳಿದಿರಿ, 1,86,000 ಸಿಗುವುದಿಲ್ಲ. ಝೀರೊ ಡೆಪ್ರಿಸಿಯೇಶನ್, ಅಂದರೆ ಬಿಡಿಭಾಗಗಳ ಸವಕಳಿಯನ್ನು ಕಳೆಯದೆ ಕೊಡುವ ಸೌಲಭ್ಯ, ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಅರ್ಧ ಕಡಿತ, ಗಾಜಿಗೆ ಕಡಿತವಿಲ್ಲ, ಎರಡು ದಾಟಿ ಮೂರು ತುಂಬದ ಕಾರಿನ ಲೋಹದ ಭಾಗಗಳಿಗೆ 15 ಶೇಕಡಾ. ನಿಮ್ಮ ಅಂದಾಜಿನಲ್ಲಿ ಬಂಪರ್, ಹೆಡ್‌ಲೈಟ್ ಸೇರಿ 48,000, ಬಾನೆಟ್, ರೇಡಿಯೇಟರ್, ಕಂಡೆನ್ಸರ್ ಮುಂತಾದ ಲೋಹ 82,000, ಗಾಜು 14,000, ಕೂಲಿ ಮತ್ತು ಪೇಂಟ್ 42,000 ಎಂದುಕೊಳ್ಳಿ. ಪ್ಲಾಸ್ಟಿಕ್ಕಿನಲ್ಲಿ 24,000 ಹೋಯಿತು. ಲೋಹದಲ್ಲಿ 12,300. ಪೇಂಟಿಂಗ್ ಖರ್ಚು 20,000 ಇದ್ದರೆ ಅದರ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ, 2,500. 1,500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನೀವೇ ಹೊರುವ ಪಾಲು 1,000. ಉಳಿಯುವುದು 1,46,200. ಇಷ್ಟಕ್ಕಾಗಿ ವಕೀಲರ ಫೀಸು ಕೊಟ್ಟು ವರ್ಷಗಟ್ಟಲೆ ಅಲೆಯುವುದು ಬೇಡ. ಖರ್ಚಿಲ್ಲದ ದಾರಿ ಇದೆ.

ಆ ದಾರಿಗೆ ಮೊದಲು ಗಾಡಿಯ ಸ್ಥಿತಿಯ ಸಾಕ್ಷ್ಯ ಬೇಕು. ಸರ್ವೆ, ಅಂದರೆ ಹಾನಿಯ ಅಧಿಕೃತ ಪರಿಶೀಲನೆ, ಆಗದೆ ರಿಪೇರಿ ಮುಗಿಸಿದರೆ ನಷ್ಟ ಎಷ್ಟೆಂದು ಯಾರೂ ಒಪ್ಪುವುದಿಲ್ಲ. 'ಹೊಣೆಯ ಪ್ರಶ್ನೆ ಹಾಗೇ ಇರಲಿ, ಸರ್ವೇಯರನ್ನು ಕಳಿಸಿ' ಎಂದು ಕಂಪನಿಗೆ ಇಮೇಲ್ ಮಾಡಿ. ಬರದಿದ್ದರೆ ಪರವಾನಗಿ ಇರುವ ಸರ್ವೇಯರೊಬ್ಬರಿಂದ ನೀವೇ ದುಡ್ಡು ಕೊಟ್ಟು ವರದಿ ಮಾಡಿಸಿ, ಆಮೇಲೆ ರಿಪೇರಿಗೆ ಬಿಡಿ. ಬಿಚ್ಚಿದ ಬಂಪರ್, ರೇಡಿಯೇಟರ್ ಗುಜರಿಗೆ ಹೋಗದಂತೆ ಗ್ಯಾರೇಜಿನವರಿಗೆ ಹೇಳಿ ಮೂಲೆಯಲ್ಲಿ ಇಡಿಸಿ.

ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಬರೆಯುವ ಪತ್ರ ಉದ್ದ ಬೇಡ. ಹೀಗಿದ್ದರೆ ಸಾಕು: 'ಹಿಂದಿನ ಪಾಲಿಸಿ ಚಾಲ್ತಿಯಲ್ಲಿದ್ದಾಗಲೇ, 11-07-2025ರ ಸಂಜೆ 6.52ಕ್ಕೆ, ನಿಮ್ಮ ಏಜೆಂಟರು ನವೀಕರಣದ ಪೂರ್ತಿ ಪ್ರೀಮಿಯಂ 9,640 ರೂಪಾಯಿಯನ್ನು ನಿಮ್ಮ ಪರವಾಗಿ ಪಡೆದಿದ್ದಾರೆ. 2024ರಲ್ಲೂ ಇದೇ ಕ್ರಮದಲ್ಲಿ ಹಣ ಪಡೆದು ಪಾಲಿಸಿ ಕೊಟ್ಟಿದ್ದೀರಿ. ವಿಮಾ ಕಾಯ್ದೆಯ 64ವಿಬಿ(4)ರಂತೆ ಇದು ನಿಮಗೆ ಸಂದ ಪ್ರೀಮಿಯಂ. ಪಾಲಿಸಿಯ ಆರಂಭವನ್ನು 12-07-2025ರ 00.00 ಗಂಟೆಗೆ ತಿದ್ದಿ, 13-07-2025ರ ಕ್ಲೇಮನ್ನು ಪರಿಗಣಿಸಬೇಕು.' ಕೆಳಗೆ ಪಾಲಿಸಿ ಸಂಖ್ಯೆ, ಏಜೆಂಟರ ಕೋಡ್, ಲಗತ್ತುಗಳ ಪಟ್ಟಿ. ಇದೇ ದೂರನ್ನು ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ತಾಣದಲ್ಲೂ ದಾಖಲಿಸಿ. 155255ಕ್ಕೆ ಕರೆ ಮಾಡಿಯೂ ದಾಖಲಿಸಬಹುದು.

ಕಂಪನಿ ಮತ್ತೆ ಇಲ್ಲ ಎಂದರೆ, ಅಥವಾ ಒಂದು ತಿಂಗಳು ಉತ್ತರವೇ ಕೊಡದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗಿ. ಕರ್ನಾಟಕಕ್ಕೆಲ್ಲ ಅದೇ ಕಚೇರಿ. ಶುಲ್ಕ ಇಲ್ಲ, ವಕೀಲರಿಗೆ ಪ್ರವೇಶ ಇಲ್ಲ, 50 ಲಕ್ಷದವರೆಗಿನ ದೂರು ಕೇಳುತ್ತಾರೆ, ದೂರನ್ನು ಆನ್‌ಲೈನಿನಲ್ಲೇ ಕೊಡಬಹುದು. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಒಂಬುಡ್ಸ್‌ಮನ್ ಕೊಟ್ಟ ಆದೇಶವನ್ನು ಕಂಪನಿ 30 ದಿನದಲ್ಲಿ ಪಾಲಿಸಬೇಕು. ನಿಮಗೆ ಒಪ್ಪಿಗೆಯಾಗದಿದ್ದರೆ ನೀವು ಮುಂದೆ ಹೋಗಬಹುದು. ಮುಂದೆ ಎಂದರೆ ಕಾರವಾರದ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ, ಎರಡು ವರ್ಷದೊಳಗೆ. ನಿಮ್ಮದಂಥ ಸಣ್ಣ ಪ್ರೀಮಿಯಂ ಪ್ರಕರಣಕ್ಕೆ ಅಲ್ಲೂ ಶುಲ್ಕವಿಲ್ಲ. ಆದರೆ ಎರಡೂ ಕಡೆ ಒಟ್ಟಿಗೆ ನಡೆಸುವಂತಿಲ್ಲ, ಆಯೋಗದಲ್ಲಿ ಕೇಸ್ ಹಾಕಿದರೆ ಒಂಬುಡ್ಸ್‌ಮನ್ ಬಾಗಿಲು ಮುಚ್ಚುತ್ತದೆ. ನಿಮ್ಮ ಮಧ್ಯವರ್ತಿಯು ವಿಮಾ ಕಂಪನಿಯ ಏಜೆಂಟರೇ ಆಗಿದ್ದರೆ ಒಂಬುಡ್ಸ್‌ಮನ್ನೇ ಮೊದಲಾಗಲಿ.

ಮೂರು ವರ್ಷ ದಾಟಿದ ಕಾರಿನವರು ನಿಮ್ಮ ಸಮಾಧಾನವನ್ನು ತಮ್ಮದೆಂದು ತಿಳಿಯಬಾರದು. ಅಲ್ಲಿ ಸಾಮಾನ್ಯವಾಗಿ ಓಡಿ, ಟಿಪಿ ಎರಡೂ ಒಂದೇ ರಾತ್ರಿ ಮುಗಿಯುತ್ತವೆ. ಪೊಲೀಸರು ಹಿಡಿದರೆ ಮೊದಲ ಸಲ 2,000, ಮತ್ತೆ ಹಿಡಿದರೆ 4,000 ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು, ಅದು ಸಣ್ಣದು. ದೊಡ್ಡದು ಗಾಯಾಳುವಿನ ಪರಿಹಾರ ಪೂರ್ತಿ ಮಾಲೀಕನ ಮೇಲೆ ಬೀಳುವುದು. ಚೆಕ್ ಕೊಟ್ಟು ಅದು ಬೌನ್ಸ್ ಆದವರ ಕಥೆ ಮಾತ್ರ ಸ್ವಲ್ಪ ಬೇರೆ. 2012ರ ಲಕ್ಷ್ಮಮ್ಮ ಪ್ರಕರಣ ನಮ್ಮ ಕರ್ನಾಟಕದ್ದೇ. ಅಪಘಾತಕ್ಕೆ ಮುಂಚೆ ಪಾಲಿಸಿ ರದ್ದಾದ ಸುದ್ದಿಯನ್ನು ಮಾಲೀಕನಿಗೆ ಮುಟ್ಟಿಸದಿದ್ದರೆ ಗಾಯಾಳುವಿಗೆ ಕಂಪನಿಯೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೂ ಹಿಂದಿನ ದೇದ್ದಪ್ಪ ಪ್ರಕರಣದಲ್ಲಿ ರದ್ದತಿಯ ಸುದ್ದಿ ಮೊದಲೇ ಮುಟ್ಟಿತ್ತು. ಕಂಪನಿ ಹೊಣೆಯಲ್ಲ ಎಂದರೂ, ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಕೋರ್ಟು ಹೇಳಿತು. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ, ಪ್ರೀಮಿಯಂ ಬಂದಿಲ್ಲ ಎಂಬುದನ್ನು ಕಂಪನಿ ಎತ್ತಬಹುದಾದ ತಕರಾರುಗಳ ಸಾಲಿಗೇ ಸೇರಿಸಿದ್ದಾರೆ. ಹಾಗಾಗಿ ಹಳೆಯ ತೀರ್ಪುಗಳನ್ನು ನೆಚ್ಚಿ ಚೆಕ್ ಬರೆಯುವ ಕಾಲ ಇದಲ್ಲ.

ಕೊನೆಯದಾಗಿ, ನಿಮ್ಮ ಎರಡು ಪಾಲಿಸಿಗಳ ತಾರೀಕು ಈಗ ಒಂದಕ್ಕೊಂದು ತಾಳೆಯಾಗುವುದಿಲ್ಲ. ಸೋಮವಾರ ಶುರುವಾದ ಓಡಿ 2026ರ ಜುಲೈ 13ರ ಮಧ್ಯರಾತ್ರಿಗೆ ಮುಗಿಯುತ್ತದೆ. ಶೋರೂಮಿನ ಟಿಪಿ ಅದಕ್ಕಿಂತ ಮೊದಲೇ, ಬಹುಶಃ 11ರ ಮಧ್ಯರಾತ್ರಿಗೆ, ಮುಗಿಯುತ್ತದೆ. ಹಳೆಯ ಕಾಗದದಲ್ಲಿ ನೋಡಿಕೊಳ್ಳಿ. ಓಡಿ ಕಂಪನಿಯ ನೆನಪೋಲೆ 13ನೇ ತಾರೀಕನ್ನೇ ತೋರಿಸುತ್ತದೆ. ನೀವು ಟಿಪಿಯ ತಾರೀಕನ್ನು ಹಿಡಿದು ಒಂದು ವಾರ ಮುಂಚೆ, ಕಂಪನಿಯ ಸ್ವಂತ ಪಾವತಿ ಪುಟದಲ್ಲೇ ಕಟ್ಟಿ, ಬಂದ ಪಾಲಿಸಿಯಲ್ಲಿ ಟಿಪಿ ಶುರುವಿನ ಗಂಟೆ 12-07-2026ರ 00.00 ಎಂದು ಇದೆಯೇ ನೋಡಿ.